ಹೊಸ ಚರ್ಮದ ಹೆಸರು

“ಮುಂದಿನ ವಾರ ಇನ್ನೊಂದು ಸಲ ಹೊಟ್ಟೆಯ ಕೊಬ್ಬು ತೆಗೆಯಬೇಕು. ಹಳೇ ಹೊಲಿಗೆ ಇದೆಯಲ್ಲ, ಅದರ ಬದಿಯಲ್ಲೇ ಜಾಗ ಇದೆ.”

ಡಾಕ್ಟರ್ ಶಿಶಿರ ಈ ಮಾತು ಹೇಳಿದ್ದು ನರ್ಸಿಗೆ. ಬಾಗಿಲಲ್ಲಿ ಮುಖಗವಸು ಹಾಕಿಕೊಂಡು ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಶ್ರೀಗೌರಿ ಅದನ್ನು ಕೇಳಿಸಿಕೊಂಡಳು, ಆದರೆ ಆ ಕ್ಷಣಕ್ಕೆ ತಲೆಗೆ ಹಚ್ಚಿಕೊಳ್ಳಲಿಲ್ಲ. ಅವಳ ಕಣ್ಣೆಲ್ಲ ಮಂಚದ ಮೇಲಿತ್ತು.

ಹೊನ್ನಾವರದ ಈ ಆಸ್ಪತ್ರೆಗೆ ಅವಳು ಎಷ್ಟು ಸಲ ಬಂದಿದ್ದಳೋ. ಬಂದಾಗಲೆಲ್ಲ ಒಂದೇ ಆಸೆ, ಮಂಚದ ಮೇಲಿನ ಹೆಂಗಸು ಇವತ್ತಾದರೂ ಬಾಯಿ ಬಿಟ್ಟಾಳು ಎಂದು. ಮುರ್ಡೇಶ್ವರದ ಲಾಡ್ಜೊಂದರ ಹಿಂದಿದ್ದ ಬಟ್ಟೆ ಒಗೆಯುವ ಶೆಡ್ಡು ಹೊತ್ತಿ ಉರಿದು ಎರಡು ತಿಂಗಳಾಗಿತ್ತು. ಆ ಮಧ್ಯಾಹ್ನ ಕೆಲಸಕ್ಕಿದ್ದವರು ಇಬ್ಬರು. ಹೊರಗಿನಿಂದ ಚಿಲಕ ಬಿದ್ದಿದ್ದ ಬಾಗಿಲನ್ನು ಜನ ಒಡೆದಾಗ ಒಬ್ಬಳು ಕರಕಲಾಗಿದ್ದಳು, ಇನ್ನೊಬ್ಬಳು ಹೊಸ್ತಿಲ ಹತ್ತಿರ ಜೀವ ಹಿಡಿದುಕೊಂಡಿದ್ದಳು. ಉಸಿರಿದ್ದವಳ ಮೈಗೆ ಅಂಟಿದ್ದ ಕೆಲಸದ ಕೋಟಿನ ಮೇಲೆ ‘ಮಂಗಲಾ’ ಎಂದು ದಾರದಲ್ಲಿ ಹೊಲಿದಿತ್ತು. ಹಾಗಾಗಿ ಸತ್ತವಳು ಚಂದನಾ ಎಂದಾಯಿತು.

ನರ್ಸು ಕಟ್ಟಿನ ಬಟ್ಟೆಗೆ ನೀರು ಬಿಟ್ಟು ನೆನೆಸಿ ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಮೊದಲ ವಾರ ಕಂಡಾಗ ಆ ಬಲತೋಳನ್ನು ತೋಳೆಂದು ಕರೆಯುವ ಹಾಗಿರಲಿಲ್ಲ. ಈಗ ಅಲ್ಲಿ ಎಳೆ ಮಾವಿನ ಚಿಗುರಿನ ಬಣ್ಣದ ತೆಳ್ಳನೆಯ ಚರ್ಮ ಬಂದಿತ್ತು. ಎಡತೋಳಿನಲ್ಲಿ ಇನ್ನೂ ಅಲ್ಲಲ್ಲಿ ಹಸಿ ಇತ್ತು. ಮುಖಕ್ಕೆ ಕಣ್ಣು, ಮೂಗು, ಬಾಯಿಗಷ್ಟೇ ಜಾಗ ಬಿಟ್ಟು ಸುತ್ತಿದ್ದರು.

ಕಟ್ಟು ಬಿಚ್ಚುವಾಗ ಅವಳು ಒಮ್ಮೆಯೂ ಕೂಗಲಿಲ್ಲ. ಕಾಲಿನ ಬೆರಳುಗಳು ಮಾತ್ರ ಬಿಗಿಯುತ್ತಿದ್ದವು, ಸಡಿಲಾಗುತ್ತಿದ್ದವು. ಗಂಟಲಿಗೆ ಹಾಕಿದ್ದ ನಳಿಗೆ ತೆಗೆದು ಬಹಳ ದಿನವಾಗಿದೆ, ಮಾತಾಡಲು ಅಡ್ಡಿಯಿಲ್ಲ, ಮನಸ್ಸಿಗೆ ಬಿದ್ದ ಪೆಟ್ಟಿಗೆ ಹೀಗೆ ಮೂಕಿಯಾಗಿರಬೇಕು ಎಂಬುದು ಶಿಶಿರನ ಅಭಿಪ್ರಾಯ.

ಅವನು ಮಾಡುತ್ತಿದ್ದದ್ದು ಇನ್ನೂ ಪರೀಕ್ಷೆಯ ಹಂತದಲ್ಲಿದ್ದ ಚಿಕಿತ್ಸೆ. ರೋಗಿಯ ಹೊಟ್ಟೆಯಿಂದಲೇ ಒಂದಿಷ್ಟು ಕೊಬ್ಬು ತೆಗೆದು, ಅದರೊಳಗಿನ ಸ್ಟೆಮ್ ಸೆಲ್‌ಗಳನ್ನು, ಅಂದರೆ ಮುಂದೆ ಇಂಥದೇ ಆಗಬೇಕೆಂದು ಇನ್ನೂ ತೀರ್ಮಾನವಾಗದ ಎಳೆಯ ಕೋಶಗಳನ್ನು ಬೇರೆ ಮಾಡಿ ಪ್ರಯೋಗಾಲಯದಲ್ಲಿ ಬೆಳೆಸುವುದು. ಆಮೇಲೆ ಲೋಳೆಸರದ ತಿರುಳು, ಶುದ್ಧ ಮಾಡಿದ ಜೇನು ಸೇರಿದ ಲೇಪದಲ್ಲಿ ಕಲಸಿ ಗಾಯಕ್ಕೆ ಹಚ್ಚುವುದು. ಜೇನು ಕ್ರಿಮಿಗಳನ್ನು ಹತ್ತಿರ ಬಿಡುವುದಿಲ್ಲ, ಲೋಳೆಸರ ಗಾಯವನ್ನು ಒಣಗಗೊಡುವುದಿಲ್ಲ, ಅಂಚಿನಲ್ಲಿ ಬದುಕಿ ಉಳಿದ ಚರ್ಮವನ್ನು ಈ ಕೋಶಗಳು ಬೆಳೆಯಲು ಎಬ್ಬಿಸುತ್ತವೆ ಎಂದು ಅವನು ಒಮ್ಮೆ ಬಿಡಿಸಿ ಹೇಳಿದ್ದ. ಎಲ್ಲರಿಗೂ ಫಲಿಸುತ್ತದೆಂದು ಹೇಳಲಾರೆ, ಇದೇ ವಾರ್ಡಿನಲ್ಲಿ ಇಬ್ಬರು ಕೈತಪ್ಪಿ ಹೋದರು ಎಂದೂ ಹೇಳಿದ್ದ. ಈ ಹೆಂಗಸಿನ ಹೊಟ್ಟೆ ಸುಡದೆ ಉಳಿದದ್ದು ಪುಣ್ಯ. ಒಗೆದ ಹಸಿ ಬೆಡ್‌ಶೀಟುಗಳ ಗಂಟನ್ನು ಅವುಚಿಕೊಂಡೇ ಬಿದ್ದಿದ್ದಳಂತೆ.

ಹೊಟ್ಟೆ ಎಂದೊಡನೆ ಶ್ರೀಗೌರಿಗೆ ಆಗ ಕಿವಿಗೆ ಬಿದ್ದ ಮಾತು ನೆನಪಾಯಿತು.

ಶಿಶಿರ ಕೈ ತೊಳೆದು ಮೊಗಸಾಲೆಗೆ ಬರುವವರೆಗೆ ಕಾದಳು. ಇಬ್ಬರೂ ಕುಮಟಾ ಬದಿಯವರು, ಅವಳು ಸಂತೆಗುಳಿಯವಳು. ಹತ್ತಿರ ಯಾರೂ ಇಲ್ಲದಾಗ ಮಾತು ತಾನಾಗಿ ಮನೆಯ ಭಾಷೆಗೆ ಜಾರುತ್ತಿತ್ತು.

“ಯಾವ ಹಳೇ ಹೊಲಿಗೆ?”

“ಹೊಟ್ಟೆ ಕೆಳಗೆ ಅಡ್ಡಕ್ಕೆ ಒಂದು ಗುರ್ತು ಇದ್ದು,” ಎಂದ. ಮೊದಲ ಸಲ ಕೊಬ್ಬು ತೆಗೆಯುವಾಗ ತಾಯಿಯನ್ನು ಕೇಳಿದ್ದಾಗಿಯೂ, ಅವಳು ಅಪೆಂಡಿಕ್ಸ್ ಆಪರೇಶನ್ ಎಂದಿದ್ದಾಗಿಯೂ ಹೇಳಿದ.

“ಅಪೆಂಡಿಕ್ಸ್ ಅಲ್ದ?”

“ಅಲ್ಲ. ಅಪೆಂಡಿಕ್ಸಿಂದು ಬಲಬದಿಗೆ ಇರ್ತು. ಇದು ಹೆರಿಗೆದು.”

“ಇಷ್ಟು ದಿನ ನಂಗೆ ಎಂತಕ್ಕೆ ಹೇಳಿದ್ದಿಲ್ಲೆ?”

ಶಿಶಿರ ನೆಲ ನೋಡಿದ. “ಮದ್ವೆ ಆಗದ್ದ ಕೂಸು. ಅಬ್ಬೆ ಮುಚ್ಚಿಟ್ಟಿದ್ದನ್ನ ನಾ ಎಂತಕ್ಕೆ ಬಿಚ್ಚವು ಹೇಳಿ ಸುಮ್ನಾದಿ.”

ಅವನನ್ನು ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಿದ್ದ. ಕಿಟಕಿಯಾಚೆ ಶರಾವತಿಯ ಸೇತುವೆಯ ಮೇಲೆ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಶ್ರೀಗೌರಿ ಅವನ್ನೇ ನೋಡುತ್ತ ನಿಂತಳು.

ಮಂಗಲಾಳಿಗೆ ಯಾರಿಗೂ ಗೊತ್ತಿಲ್ಲದ ಹೆರಿಗೆಯೊಂದು ಆಗಿರಬಹುದು. ಇಲ್ಲದಿದ್ದರೆ ಅಲ್ಲಿ ಮಲಗಿರುವವಳು ಮಂಗಲಾ ಅಲ್ಲ.

ಎರಡನೆಯ ಯೋಚನೆ ಬಂದದ್ದೇ ಇನ್ನೊಂದು ಸಂಗತಿ ಹೊಳೆಯಿತು. ಮಂಗಲಾಳ ತಾಯಿ ಸರೋಜಾ ಎರಡು ತಿಂಗಳಿಂದ ಈ ವಾರ್ಡಿನ ಹೊರಗೇ ಚಾಪೆ ಹಾಸಿಕೊಂಡಿದ್ದಾಳೆ. ಗಂಜಿ ಕುಡಿಸುತ್ತಾಳೆ, ಮೈ ಒರೆಸುತ್ತಾಳೆ, ಮಗ್ಗುಲು ಬದಲಿಸುತ್ತಾಳೆ. ಆದರೆ ಅವಳ ಬಾಯಿಂದ ಮಂಗಲಾ ಎಂಬ ಹೆಸರು ಶ್ರೀಗೌರಿ ಒಮ್ಮೆಯೂ ಕೇಳಿರಲಿಲ್ಲ.

ಸರೋಜಾ ಎಲ್ಲಿ ಎಂದು ವಿಚಾರಿಸಿದಳು. ವಾರಕ್ಕೊಮ್ಮೆ ಊರಿಗೆ ಹೋಗಿ ಬರುವುದುಂಟು, ಬೆಳಿಗ್ಗೆಯೇ ಬಸ್ಸು ಹತ್ತಿದ್ದಾಳೆ ಎಂದು ನರ್ಸು ಹೇಳಿದಳು.

*

ಶಿರಾಲಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಗದ್ದೆಯ ಅಂಚಿಗೆ ಚಂದನಾಳ ಗಂಡ ದೇವರಾಜನ ಮನೆ. ಜೀಪು ನಡೆಸುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಮಾಸ್ತಿ ಅದೇ ಬದಿಯವನು. ಹೆಂಡತಿ ಹೋದ ಮೇಲೆ ದೇವರಾಜ ಯಾರ ಹತ್ತಿರವೂ ಸರಿಯಾಗಿ ಮಾತಾಡುವುದಿಲ್ಲ, ಗೂಡ್ಸ್ ರಿಕ್ಷಾ ಹೊಡೆಯುತ್ತಾನೆ, ಮನೆಗೆ ಬರುತ್ತಾನೆ, ಅಷ್ಟೆ ಎಂದು ದಾರಿಯಲ್ಲಿ ಹೇಳಿದ.

ದೇವರಾಜ ಅಂಗಳದಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದ. ನಾಲ್ಕು ವರ್ಷದ ಕೂಸು. ಒಂದು ಜಡೆ ಕಿವಿಯ ಮೇಲಕ್ಕೆ ಹೋಗಿತ್ತು, ಇನ್ನೊಂದು ಕುತ್ತಿಗೆಗೆ ಇಳಿದಿತ್ತು. ಪೊಲೀಸರನ್ನು ಕಂಡು ಎದ್ದು ನಿಂತ, ಕೈಯಲ್ಲಿ ರಿಬ್ಬನ್ ಹಾಗೇ ಇತ್ತು.

ಕಾಗದಪತ್ರಕ್ಕೆ ಒಂದೆರಡು ವಿಷಯ ಬೇಕಿತ್ತು ಎಂದು ಶ್ರೀಗೌರಿ ಮಾತು ತೆಗೆದಳು. ಅದೂ ಇದೂ ಕೇಳುತ್ತ ಮಗು ಹುಟ್ಟಿದ್ದೆಲ್ಲಿ ಎಂದಳು. ಕುಮಟೆಯಲ್ಲಿ, ಆಪರೇಶನ್ ಮಾಡಿ ತೆಗೆದರು, ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು ಎಂದು ದೇವರಾಜ ಹೇಳಿದ. ಅವನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಎರಡು ತಿಂಗಳಿಂದ ಯಾರೂ ಕೇಳದ ಮಾತನ್ನು ಯಾರೋ ಕೇಳಿದ್ದರು. ಹೊಲಿಗೆ ಹಸಿ ಇದ್ದಾಗ ಚಂದನಾಳಿಗೆ ನಗಲು ಆಗುತ್ತಿರಲಿಲ್ಲವಂತೆ. ಇವನು ಬೇಕೆಂದೇ ಏನಾದರೂ ತಮಾಷೆ ಮಾಡುತ್ತಿದ್ದನಂತೆ. ಅವಳು ಹೊಟ್ಟೆ ಹಿಡಿದುಕೊಂಡು ಬೇಡಿಕೊಳ್ಳುತ್ತಿದ್ದಳಂತೆ.

“ನಗ್ಸಬೇಡಿ ಅಂತಿದ್ಲು,” ಎಂದ. ಆಮೇಲೆ ರಿಬ್ಬನ್ನನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದ.

ಇವನು ಯಾರಿಗಾಗಿ ಹೀಗೆ ಕರಗಿದ್ದಾನೋ ಅವಳು ಒಂದು ತಾಸಿನ ದಾರಿಯಲ್ಲಿ ಉಸಿರಾಡುತ್ತಿದ್ದಾಳೆ. ನಾಲಿಗೆ ತುದಿಗೆ ಬಂದದ್ದನ್ನು ಶ್ರೀಗೌರಿ ನುಂಗಿದಳು. ಚಿಲಕ ನೆನಪಾಗಿತ್ತು. ಬಾಗಿಲು ತಾನಾಗಿ ಸಿಕ್ಕಿಕೊಂಡಿತೆಂದು ಲಾಡ್ಜಿನ ಮ್ಯಾನೇಜರ್ ಉದಯ ಇವತ್ತಿಗೂ ಸಾಧಿಸುತ್ತಿದ್ದ. ಆದರೆ ಆ ಚಿಲಕ ಕೈಯಿಂದ ಅಡ್ಡ ಎಳೆದು ಕೆಳಗೆ ಮಡಚಿದರೆ ಮಾತ್ರ ಬೀಳುವಂಥದ್ದು. ಆ ಹೊತ್ತಿಗೆ ಮೀನಿನ ಐಸು ಹೇರಿಕೊಂಡು ಭಟ್ಕಳದ ಬಂದರಿಗೆ ಹೋಗಿದ್ದೆ ಎಂದು ದೇವರಾಜ ಹೇಳಿದ್ದ, ಅವನನ್ನು ಅಲ್ಲಿ ಕಂಡವರು ಇನ್ನೂ ಸಿಕ್ಕಿರಲಿಲ್ಲ. ಕಣ್ಣೀರು ನಿಜವಿರಬಹುದು. ಕಣ್ಣೀರು ಹಾಕುವವರೆಲ್ಲ ತಪ್ಪು ಮಾಡದವರೆಂದು ಅವಳ ಕೆಲಸದಲ್ಲಿ ನಂಬುವ ಹಾಗಿರಲಿಲ್ಲ.

ಶವವನ್ನು ಏನು ನೋಡಿ ಗುರುತಿಸಿದೆ ಎಂದು ಕೇಳಿದಳು.

“ಗುರ್ತು ಹಿಡಿಯೂಕೆ ಅಲ್ಲಿ ಎಂತ ಇತ್ತು ಮೇಡಂ? ಉಳಿದದ್ದು ಮಂಗಲಾ, ಹಾಂಗಾರೆ ಇದು ನಿನ್ನ ಹೆಂಡ್ತಿ ಅಂದ್ರು. ನಾ ಬೆಂಕಿ ಕೊಟ್ಟೆ.”

ಮಂಗಲಾ ಮತ್ತು ಚಂದನಾ ಹೇಗಿದ್ದರು ಎಂಬುದು ಕೊನೆಯ ಪ್ರಶ್ನೆ. ಒಂದೇ ಜೀವ ಎಂಬ ಹಾಗಿದ್ದರು, ಮಂಗಲಾ ರಜೆ ಇದ್ದಾಗೆಲ್ಲ ಇಲ್ಲಿಗೇ ಬರುತ್ತಿದ್ದಳು ಎಂದ. ಇತ್ತೀಚೆಗೆ ಏನಾದರೂ ಮನಸ್ತಾಪ? ದೇವರಾಜ ಒಳಗೆ ಹೋಗಿ ಕೊಡದಿಂದ ನೀರು ಬಗ್ಗಿಸಿ ಕುಡಿದು ಬಾಯಿ ಒರೆಸಿಕೊಂಡು ಬಂದ. ಹಾಂಗೆಂತ ಇಲ್ಲ ಎಂದ. ಆ ನೀರು ಕುಡಿದದ್ದನ್ನು ಶ್ರೀಗೌರಿ ಮನಸ್ಸಿನಲ್ಲಿಟ್ಟುಕೊಂಡಳು.

ಜೀಪಿನವರೆಗೆ ಕೂಸು ಹಿಂದೆಯೇ ಬಂತು. ಬೆಳಿಗ್ಗೆ ಸರೋಜಜ್ಜಿ ಬಂದಿದ್ದರು, ಬಾಳೆಹಣ್ಣು ಕೊಟ್ಟರು ಎಂದು ತಾನಾಗಿಯೇ ಹೇಳಿತು.

“ಎಂತಕ್ಕೆ ಬಂದಿದ್ರು?”

“ನನ್ ಪದ್ಯ ಮೊಬೈಲಲ್ಲಿ ತಕಂಡು ಹೋಗೂಕೆ. ಆಸ್ಪತ್ರೇಲಿ ಒಬ್ರಿಗೆ ಹುಶಾರಿಲ್ಲ, ಅವ್ರಿಗೆ ಕೇಳ್ಸೂಕೆ.”

ಮಾಸ್ತಿ ಜೀಪು ಸ್ಟಾರ್ಟ್ ಮಾಡಿ ಅವಳ ಮುಖ ನೋಡಿದ. ಶ್ರೀಗೌರಿ ಹೊನ್ನಾವರಕ್ಕೆ ಎಂದಷ್ಟೇ ಹೇಳಿದಳು.

*

ಸರೋಜಾ ಆಸ್ಪತ್ರೆಯ ಹಿಂಬದಿಯ ಜಗುಲಿಯಲ್ಲಿದ್ದಳು. ಮುರುಗಲ, ಅಂದರೆ ಕೋಕಂ ಹಣ್ಣಿನ ಬೀಜದಿಂದ ತೆಗೆದ ತುಪ್ಪದ ಗಟ್ಟಿಯೊಂದನ್ನು ಅಂಗೈಯಲ್ಲಿಟ್ಟು ಉಜ್ಜಿ ಉಜ್ಜಿ ಕರಗಿಸುತ್ತಿದ್ದಳು. ಗಾಯ ಪೂರ್ತಿ ಮಾಗಿದ ಕಡೆ ಹೊಸ ಚರ್ಮ ಬಿರಿಯದ ಹಾಗೆ ಅದನ್ನು ಸವರಲು ಶಿಶಿರ ಒಪ್ಪಿಗೆ ಕೊಟ್ಟಿದ್ದ. ಹಸಿ ಇರುವಲ್ಲಿ ಮುಟ್ಟಿಸಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದ. ಸಂಜೆಯ ಬಿಸಿಲು ಹೊಳೆಯ ಮೇಲಿಂದ ಜಗುಲಿಗೆ ಬರುತ್ತಿತ್ತು.

ಶ್ರೀಗೌರಿ ಟೋಪಿ ತೆಗೆದು ಅವಳ ಪಕ್ಕದಲ್ಲೇ ಕೂತಳು.

“ಸರೋಜಕ್ಕ, ಅಪೆಂಡಿಕ್ಸ್ ಆಪರೇಶನ್ ಎಲ್ಲಿ ಮಾಡ್ಸಿದ್ರಿ?”

ಉಜ್ಜುತ್ತಿದ್ದ ಕೈ ನಿಂತಿತು. “ಕುಮಟೆಯಲ್ಲಿ.”

“ಕುಮಟೆಯಲ್ಲಿ ಆದದ್ದು ಚಂದನಾಳ ಹೆರಿಗೆ.”

ಕರಗಿದ ತುಪ್ಪ ಬೆರಳ ಸಂದಿಯಿಂದ ಇಳಿದು ಸೀರೆಗೆ ಬಿತ್ತು. ಸರೋಜಾ ಒರೆಸಿಕೊಳ್ಳಲಿಲ್ಲ.

“ಯಾವಾಗ ಗೊತ್ತಾಯ್ತು ನಿಮ್ಗೆ?”

“ಇವತ್ತು. ನಿಮ್ಗೆ?”

“ಮೊದಲ್ನೇ ದಿನವೇ.”

ಆಮೇಲೆ ಅವಳು ಹೇಳಿದ್ದನ್ನು ಶ್ರೀಗೌರಿ ಮಧ್ಯೆ ಬಾಯಿ ಹಾಕದೆ ಕೇಳಿದಳು. ಬೆಂಕಿ ಬಿದ್ದ ಸಂಜೆ ಸರೋಜಾ ಇಲ್ಲಿಗೆ ಓಡಿ ಬಂದಾಗ ಮಗಳನ್ನು ಒಳಗೆ ಕರೆದೊಯ್ದಿದ್ದರು. ನರ್ಸೊಬ್ಬಳು ಬಂದು, ಇದು ನಿಮ್ಮ ಮಗಳ ಮೈಮೇಲಿದ್ದದ್ದು, ಊತ ಬರುವ ಮೊದಲು ತೆಗೆದೆವು ಎಂದು ಕಾಗದದ ಪೊಟ್ಟಣವೊಂದನ್ನು ಕೈಗಿಟ್ಟಳು. ಬಿಚ್ಚಿ ನೋಡಿದರೆ ಎರಡು ಕಾಲುಂಗುರ, ಕರಿಮಣಿ ಸರದ ಸುಟ್ಟ ತುಂಡು. ಮಂಗಲಾಳಿಗೆ ಮದುವೆಯೇ ಆಗಿರಲಿಲ್ಲ.

ಕಾಲ ಕೆಳಗಿನ ನೆಲ ಹೋಯಿತು, ಆದರೆ ಬೀಳಲು ಪುರಸೊತ್ತಾಗಲಿಲ್ಲ. ಅದೇ ಹೊತ್ತಿಗೆ ಡಾಕ್ಟರು ಬಂದಿದ್ದರು. ಹುಬ್ಬಳ್ಳಿವರೆಗೆ ಜೀವ ತಡೆಯುವುದಿಲ್ಲ, ಇಲ್ಲೇ ಹೊಸ ಚಿಕಿತ್ಸೆಯೊಂದಿದೆ, ಅದು ಇನ್ನೂ ಪರೀಕ್ಷೆಯಲ್ಲಿರುವಂಥದ್ದು, ಹತ್ತಿರದ ಸಂಬಂಧಿಕರು ಒಪ್ಪಿದರೆ ಮಾತ್ರ ಮಾಡಬಹುದು, ಹೊತ್ತು ಕಳೆದರೆ ಉಪಯೋಗವಿಲ್ಲ ಎಂದರು. ನೀವು ತಾಯಿ ಅಲ್ಲವಾ ಎಂದು ಕೇಳಿದರು.

“ಅಲ್ಲ ಅಂದ್ರೆ ನನ್ನ ಮಗಳು ಸತ್ತಳು ಅಂತ ನಾನೇ ಹೇಳ್ದಾಂಗೆ ಆಗ್ತಿತ್ತು,” ಎಂದಳು ಸರೋಜಾ. “ಹೌದು ಅಂದ್ರೆ ಒಂದು ಜೀವ ಉಳೀತಿತ್ತು. ಹೌದು ಅಂದೆ.”

“ಮತ್ತೆ ಯಾಕೆ ಹೇಳ್ಲಿಲ್ಲ? ಅವಳಿಗೆ ಗಂಡ ಇದ್ದಾನೆ, ಕೂಸು ಅದೆ.”

“ಚಿಲಕ ಯಾರೋ ಹಾಕಿದ್ರಲ್ಲ ಮೇಡಂ. ಹಾಕಿದ್ದು ಯಾರು ಅಂತ ನಿಮ್ಗೇ ಗೊತ್ತಾಗ್ಲಿಲ್ಲ. ಚಂದನಾ ಸತ್ತಳು ಅಂತ ಚಿಲಕ ಹಾಕ್ದವ್ರು ನೆಮ್ಮದಿಯಿಂದ ಇರ್ಲಿ, ಇಲ್ಲಿ ಇವಳ ಚರ್ಮ ಬರ್ಲಿ ಅಂದ್ಕೊಂಡೆ.”

ತನಗೆ ಗೊತ್ತಿದೆ ಎಂದು ಅವಳು ಚಂದನಾಳಿಗೆ ಯಾವತ್ತೂ ಹೇಳಿರಲಿಲ್ಲ. ಚಂದನಾಳೂ ತಾನು ಮಂಗಲಾ ಅಲ್ಲ ಎಂದು ಹೇಳಿರಲಿಲ್ಲ. ಮೊದಲ ಬಾರಿ ಶಿರಾಲಿಗೆ ಹೋಗಿ ಕೂಸಿನ ಪದ್ಯ ಮೊಬೈಲಿನಲ್ಲಿ ಹಿಡಿದು ತಂದು ಕಿವಿಯ ಹತ್ತಿರ ಇಟ್ಟ ದಿನ ಕಟ್ಟಿನ ಬಟ್ಟೆಯೆಲ್ಲ ಕಣ್ಣೀರಿಗೆ ತೊಯ್ದು, ಗಾಯಕ್ಕೆ ಉಪ್ಪು ತಾಗುತ್ತದೆ ಎಂದು ನರ್ಸು ಗದರಿದ್ದಳು. ಅಂದಿನಿಂದ ಇಬ್ಬರಿಗೂ ಗೊತ್ತಿತ್ತು. ಆದರೂ ಆ ಮಾತು ಇಬ್ಬರ ನಡುವೆ ಬರಲಿಲ್ಲ. ಮೈ ಒರೆಸುವಾಗ ಚಂದನಾ ಇವಳ ಬೆರಳು ಹಿಡಿದುಕೊಳ್ಳುತ್ತಿದ್ದಳಂತೆ, ಅಷ್ಟೆ.

“ಮಗಳಿಗೆ ಮಾಡಬೇಕಾದದ್ದು?” ಎಂದು ಶ್ರೀಗೌರಿ ಮೆಲ್ಲಗೆ ಕೇಳಿದಳು.

ಸರೋಜಾ ಜಗುಲಿಯ ಕೆಳಗಿನ ಕಲ್ಲೊಂದನ್ನು ಕಣ್ಣಲ್ಲೇ ತೋರಿಸಿದಳು. ಹನ್ನೆರಡನೆಯ ದಿನ ಕ್ಯಾಂಟೀನಿನಿಂದ ಅನ್ನ ತಂದು ಅಲ್ಲಿ ಇಟ್ಟಿದ್ದಳು. ಅತ್ತ ಮುರ್ಡೇಶ್ವರದಲ್ಲಿ ಬೇರೆಯವಳ ಗಂಡ ಬೇರೆಯವಳ ಹೆಸರು ಹೇಳಿ ಇವಳ ಮಗಳಿಗೆ ಬೆಂಕಿ ಕೊಟ್ಟಿದ್ದ, ಬೂದಿಯನ್ನು ಸಮುದ್ರಕ್ಕೆ ಬಿಟ್ಟಿದ್ದ. ಇಲ್ಲಿ ಕಾಗೆ ಬಂದು ಮುಟ್ಟುವವರೆಗೆ ಇವಳು ಕಂಬದ ಮರೆಯಲ್ಲಿ ನಿಂತಿದ್ದಳು. ಅಳಲಿಲ್ಲ. ಬದುಕಿರುವ ಮಗಳ ತಾಯಿ ಅತ್ತರೆ ನಾಲ್ಕು ಜನ ಕೇಳುತ್ತಾರೆ.

ಶ್ರೀಗೌರಿಗೆ ಹೇಳಬೇಕಾದದ್ದು ಬಾಕಿ ಇತ್ತು. ಇನ್ನು ಇದನ್ನು ಮುಚ್ಚಿಡಲಾಗದು. ಶವಪರೀಕ್ಷೆಯಲ್ಲಿ ತೆಗೆದಿಟ್ಟ ಹಲ್ಲೊಂದಿದೆ, ನಿಮ್ಮ ರಕ್ತದ ಜೊತೆ ಹೋಲಿಸಿ ನೋಡಿದರೆ ಸತ್ತವಳು ಮಂಗಲಾ ಎಂದು ಖಾತ್ರಿಯಾಗುತ್ತದೆ, ಆಮೇಲೆ ಕಾಗದದಲ್ಲೂ ಸರಿಮಾಡಬಹುದು ಎಂದಳು. ರಕ್ತ ಕೊಡಲು ಒಪ್ಪುತ್ತೀರಾ ಎಂದು ಕೇಳಿದಳು.

ಸರೋಜಾ ಅಲ್ಲೇ ತೋಳು ಮುಂದೆ ಚಾಚಿದಳು.

“ತಕಳಿ. ಆಗಾದ್ರೂ ನಂಗೆ ಅಳೂಕೆ ಬತ್ತದೇನೋ.”

*

ಇಬ್ಬರೂ ಎದ್ದು ವಾರ್ಡಿನ ಒಳಗೆ ಬಂದರು. ಶ್ರೀಗೌರಿ ಹೇಳಿಕಳಿಸಿದ್ದಕ್ಕೆ ಶಿಶಿರ ರಕ್ತ ತೆಗೆಯುವ ಸಾಮಾನು ಹಿಡಿದುಕೊಂಡು ಬಂದಿದ್ದ. ಮಂಚದ ಮೇಲಿನವಳಿಗೆ ವಿಷಯ ತಿಳಿಸದೆ ಏನೂ ಮಾಡಬಾರದೆಂದು ಶ್ರೀಗೌರಿಯೇ ಹಟ ಹಿಡಿದಿದ್ದಳು. ಸ್ಟೂಲು ಎಳೆದುಕೊಂಡು ಹತ್ತಿರ ಕೂತು ಸಾವಕಾಶ ಹೇಳಿದಳು. ನೀನು ಚಂದನಾ ಎಂದು ನಮಗೆ ಗೊತ್ತಾಗಿದೆ. ಹೆದರಬೇಡ, ಇವತ್ತಿನಿಂದ ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್ ಇರುತ್ತಾನೆ. ಸತ್ತುಹೋದ ಮಂಗಲಾಳಿಗಾಗಿ ಈಗ ಸರೋಜಕ್ಕನ ರಕ್ತ ತೆಗೆಯುತ್ತೇವೆ.

ಕಟ್ಟಿನ ನಡುವಿನ ಕಣ್ಣುಗಳು ಅವಳನ್ನು ದಾಟಿ ಸರೋಜಾಳ ಮೇಲೆ ನಿಂತವು. ಶಿಶಿರ ಸರೋಜಾಳ ತೋಳಿಗೆ ರಬ್ಬರಿನ ಪಟ್ಟಿ ಬಿಗಿದ.

“ಕೊಡ್ಬೇಡಿ ಅಮ್ಮ.”

ಬಿರುಕು ಬಿಟ್ಟ, ಮರಕ್ಕೆ ಮರ ಉಜ್ಜಿದಂಥ ದನಿ. ಎರಡು ತಿಂಗಳಲ್ಲಿ ಚಂದನಾ ಆಡಿದ ಮೊದಲ ಮಾತು. ಶಿಶಿರನ ಕೈ ಅಲ್ಲೇ ತಡೆಯಿತು.

ಶ್ರೀಗೌರಿ ಮುಂದಕ್ಕೆ ಬಗ್ಗಿದಳು. “ಎಂತಕ್ಕೆ ಕೊಡಬಾರದು ಚಂದನಾ?”

“ಅದು ಮಂಗಲಾ ಅಲ್ಲ.”

ಚಂದನಾ ಉಗುಳು ನುಂಗಿದಳು, ಅದಕ್ಕೂ ನೋವಾಗುತ್ತಿತ್ತು. ನೀರು ಬೇಕೇ ಎಂದು ಶ್ರೀಗೌರಿ ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. ಹೇಳದೆ ಇದ್ದದ್ದನ್ನು ಒಮ್ಮೆ ಹೇಳಿ ಮುಗಿಸುವ ಅವಸರ ಅವಳಲ್ಲಿ ಕಾಣುತ್ತಿತ್ತು.

“ಮತ್ತೆ ಯಾರು ಅದು?”

“ಗೊತ್ತಿಲ್ಲ. ಆ ಹೆಂಗ್ಸನ್ನ ನಾ ಮೊದ್ಲು ಕಂಡೇ ಇಲ್ಲ. ಮಂಗಲಾ ಕರ್ಕಂಡು ಬಂದದ್ದು. ಹೊಸ್ತಾಗಿ ಕೆಲ್ಸಕ್ಕೆ ಸೇರ್ತಾಳೆ, ತೋರ್ಸೂಕೆ ಕರ್ಕಂಡು ಬಂದೆ ಅಂದ್ಲು.”

ಆ ಮಧ್ಯಾಹ್ನ ನಡೆದದ್ದನ್ನು ಅವಳು ತುಂಡು ತುಂಡಾಗಿ ಹೇಳಿದಳು. ನಡುನಡುವೆ ದನಿ ಪೂರ್ತಿ ಕೈಕೊಡುತ್ತಿತ್ತು, ಆಗ ಬರೀ ತುಟಿ ಅಲುಗುತ್ತಿತ್ತು. ಆ ಹೊಸ ಹೆಂಗಸು ಒಳಗಿನ ಮೂಲೆಯಲ್ಲಿ ಇಸ್ತ್ರಿ ಮೇಜಿನ ಹತ್ತಿರ ಕೂತಿದ್ದಳು. ಒಗೆದು ಒಗೆದು ಚಂದನಾಳ ಕೋಟು ತೊಯ್ದುಹೋಗಿತ್ತು. ಮಂಗಲಾ ತನ್ನದನ್ನು ಬಿಚ್ಚಿ, ಇದನ್ನ ಹಾಕ್ಕೊ, ಶೀತ ಆಗ್ತದೆ ಎಂದು ತಾನೇ ತೊಡಿಸಿ ಗುಂಡಿಯನ್ನೂ ಹಾಕಿದ್ದಳು. ಆಮೇಲೆ ಹೊರಗೆ ಹೋಗಿದ್ದಳು.

“ಚಿಲಕ?” ಎಂದಳು ಶ್ರೀಗೌರಿ.

ಚಂದನಾ ಕಣ್ಣು ಮುಚ್ಚಿಕೊಂಡಳು. “ಅವಳೇ. ಬಾಗಿಲ ಸಂದಿಯಲ್ಲಿ ಅವಳ ಕೈ ಕಾಣ್ತಿತ್ತು.”

“ಬೆಂಕಿ ಬೀಳೂಕಿಂತ ಮೊದ್ಲಾ, ಆಮೇಲಾ?”

ಇದನ್ನು ಕೇಳಿದವಳು ಶ್ರೀಗೌರಿಯಲ್ಲ, ಸರೋಜಾ. ತೋಳಿನ ರಬ್ಬರ್ ಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ, ಅವಳ ಬೆರಳು ನೀಲಿಗಟ್ಟುತ್ತಿತ್ತು. ಶಿಶಿರ ಎಚ್ಚೆತ್ತು ಅದನ್ನು ಸಡಿಲಿಸಿದ.

ಚಂದನಾ ಕಣ್ಣು ತೆರೆದು ಸರೋಜಾಳನ್ನೇ ನೋಡಿದಳು.

“ಮೊದ್ಲು.”

ಶ್ರೀಗೌರಿಯ ತಲೆಯಲ್ಲಿ ಎರಡು ತಿಂಗಳಿಂದ ಕಟ್ಟಿದ್ದೆಲ್ಲ ಒಂದೇ ಪೆಟ್ಟಿಗೆ ಕುಸಿಯಿತು. ಬೆಳಿಗ್ಗೆ ಹೊಳೆದದ್ದರಲ್ಲಿ ಅರ್ಧ ಮಾತ್ರ ನಿಜವಾಗಿತ್ತು. ಮುರ್ಡೇಶ್ವರದಲ್ಲಿ ಬೂದಿಯಾದ ಹೆಂಗಸಿಗೆ ಹೆಸರಿಲ್ಲ, ಊರಿಲ್ಲ. ಅವಳನ್ನು ಹುಡುಕಿಕೊಂಡು ಯಾರೂ ಯಾವ ಠಾಣೆಗೂ ಬಂದಿಲ್ಲ. ಮತ್ತು ಎರಡು ಹೆಣದ ಲೆಕ್ಕ ಸರಿಹೋಗಲೆಂದು ಅವಳನ್ನು ಅಲ್ಲಿಗೆ ಕರೆತಂದವಳು, ತನ್ನ ಹೆಸರನ್ನು ಇನ್ನೊಬ್ಬಳ ಮೈಗೆ ತೊಡಿಸಿ ನಡೆದುಹೋದವಳು, ಎರಡು ತಿಂಗಳಿಂದ ಎಲ್ಲೋ ತಿರುಗಾಡಿಕೊಂಡಿದ್ದಾಳೆ. ಶಿರಾಲಿಯಲ್ಲಿ ಮನಸ್ತಾಪದ ಮಾತೆತ್ತಿದಾಗ ದೇವರಾಜ ಒಳಗೆ ಹೋಗಿ ಕುಡಿದ ನೀರಿಗೂ ಇದಕ್ಕೂ ಏನು ಸಂಬಂಧ?

ಆದರೆ ಶ್ರೀಗೌರಿಯ ಕಣ್ಣು ಸರೋಜಾಳನ್ನು ಬಿಟ್ಟು ಅಲುಗಲಿಲ್ಲ.

ಸರೋಜಾ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡಿದ್ದಳು. ಮುಖದಲ್ಲಿ ಮೊದಲು ಬಂದದ್ದು ಬೆಳಕು. ಎರಡು ತಿಂಗಳಲ್ಲಿ ಆ ಮುಖದಲ್ಲಿ ಶ್ರೀಗೌರಿ ಯಾವತ್ತೂ ಕಾಣದ ಬೆಳಕು. ನನ್ನ ಕೂಸು ಬದುಕಿದೆ ಎಂದು ಆ ತುಟಿಗಳು ಸದ್ದಿಲ್ಲದೆ ಅಂದವು. ಅದು ಪೂರ್ತಿ ಹರಡುವ ಮೊದಲೇ ಅವಳ ದೃಷ್ಟಿ ಎದುರಿಗಿದ್ದ ಎಳೆಯ ಕೆಂಪು ತೋಳಿನ ಮೇಲೆ ಬಿತ್ತು. ದಿನಾ ತಾನು ಮುಟ್ಟಿ ಸವರಿದ ತೋಳು.

“ನಿಂಗೆ ಎಲ್ಲ ಗೊತ್ತಿತ್ತು,” ಎಂದಳು ಚಂದನಾಳಿಗೆ. ಸಿಟ್ಟಿರಲಿಲ್ಲ. “ಗೊತ್ತಿದ್ದೂ ನನ್ನ ಕೈಯಿಂದ ಗಂಜಿ ಕುಡಿದೆ.”

“ಹೇಳಿದ್ರೆ ನೀವು ಬರೂದು ನಿಲ್ಲಿಸ್ತಿದ್ರಿ.” ಕಟ್ಟಿನ ಅಂಚು ಒದ್ದೆಯಾಗತೊಡಗಿತ್ತು. “ಇಲ್ಲಿ ನಂಗೂ ಬೇರೆ ಯಾರೂ ಇರ್ಲಿಲ್ಲ ಅಮ್ಮ.”

ಸರೋಜಾ ಕೈ ಮುಂದೆ ಮಾಡಲಿಲ್ಲ. ಅಂಗೈಯ ತುಪ್ಪ ಸಂಜೆಯ ತಂಪಿಗೆ ಮತ್ತೆ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಶಿಶಿರ ಗೋಡೆಗೆ ಒರಗಿದ್ದ. ವಾರ್ಡಿನ ಇನ್ನೊಂದು ತುದಿಯಲ್ಲಿ ಯಾರೋ ನೀರು ಕೇಳುತ್ತಿದ್ದರು.

ಶ್ರೀಗೌರಿ ಎದ್ದು ನಿಂತು ಟೋಪಿ ಹಾಕಿಕೊಂಡಳು. ಇವತ್ತೇ ಎಲ್ಲ ಠಾಣೆಗಳಿಗೂ ಮಂಗಲಾಳ ಫೋಟೋ ಹೋಗಬೇಕು. ಅದು ಸರೋಜಾಳ ಪರ್ಸಿನಲ್ಲೇ ಇದೆ ಎಂದು ಅವಳಿಗೆ ಗೊತ್ತಿತ್ತು. ಕೇಳಬೇಕಿತ್ತು.

ಅವಳ ಮನಸ್ಸನ್ನು ಓದಿದ ಹಾಗೆ ಸರೋಜಾ ತಿರುಗಿ ನೋಡಿದಳು.

“ಹುಡುಕ್ತೀರಿ ಅಲ್ದಾ ಮೇಡಂ, ಅವಳನ್ನ?”

“ಹುಡುಕ್ತೇನೆ ಸರೋಜಕ್ಕ.”

ಸರೋಜಾ ಸೆರಗಿನ ಒಳಗಿನಿಂದ ಪರ್ಸು ತೆಗೆದಳು. ತೆರೆಯಲಿಲ್ಲ. ಎರಡೂ ಕೈಯಲ್ಲಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

“ಹುಡುಕಿ ಎಂತ ಮಾಡ್ತೀರಿ?”